ಗಾಲಿಯೊಳಗಿನ ಗಾಳಿ

ಕೊಡಗಿನ ಸಿದ್ದಾಪುರವು ದೊಡ್ಡ ಊರೇನೂ ಅಲ್ಲ. ಆದರೆ ವಿರಾಜಪೇಟೆ, ಪಾಲಿಬೆಟ್ಟ, ಚೆಟ್ಟಳ್ಳಿ, ನೆಲ್ಯಹುದಿಕೇರಿ, ಮಾಲ್ದಾರೆಗಳ ಕಡೆಯ ದಾರಿಗಳು ಅಲ್ಲಿ ಕೂಡುವುದರಿಂದ, ಊರಿನ ಗಾತ್ರಕ್ಕೆ ಮೀರಿದ ವಾಹನಗಳ ಓಡಾಟ ಅಲ್ಲಿ ಕಾಣುತ್ತದೆ. ಕೊಡಗಿಗೆ ಇಂದಿಗೂ ರೈಲಿಲ್ಲ. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯಲ್ಲಿ ಮೊದಲ ಕಾಫಿ ತೋಟವನ್ನು ಮಾಡಿದಾಗ ಫಸಲು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿಯುತ್ತಿತ್ತು. ಈಗ ಕಾಫಿಯಾಗಲಿ, ಮೆಣಸಾಗಲಿ, ಮನುಷ್ಯರಾಗಲಿ, ಎಲ್ಲವೂ ರಬ್ಬರಿನ ಗಾಲಿಯ ಮೇಲೆಯೇ ಸಾಗಬೇಕು.

ಅಲ್ಲಿ ತೋಟವಿರುವ ನನ್ನ ಸ್ನೇಹಿತರೊಬ್ಬರು ಮುಂಗಾರಿಗೆ ಮುಂಚೆ ತಮ್ಮ ಕಾರಿನ ನಾಲ್ಕು ಟೈರುಗಳನ್ನೂ ಬದಲಾಯಿಸಿದರು. ನಾನೂ ಜೊತೆಗಿದ್ದೆನು. ಅಂಗಡಿಯ ಹುಡುಗನು ಗಾಳಿಯ ಕೊಳವೆಯನ್ನು ಹಿಡಿದು, "ಮೂವತ್ತೈದು ಹೊಡೀಲಾ ಸಾರ್?" ಎಂದು ಕೇಳಿದನು. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ ಅವರ ಡ್ರೈವರು, 30 ಸಾಕೆಂದನು. ಸ್ನೇಹಿತರು ಕನ್ನಡಕ ಹಾಕಿಕೊಂಡು ಹೊಸ ಟೈರಿನ ಪಕ್ಕದ ಅಚ್ಚನ್ನು ಓದಿ, "ಇಲ್ಲಿ 51 ಎಂದಿದೆಯಲ್ಲ!" ಎಂದರು. ಒಂದೇ ಗಾಲಿಗೆ ಮೂರು ಅಂಕಿಗಳು. ಇಷ್ಟು ಅಲ್ಪವಾದ ವಿಷಯಕ್ಕೆ ಚರಿತ್ರೆಯೇ ಎಂದು ಮಹಾಶಯರು ನಗಬಾರದು. ಈ ಅಂಕಿಗಳಿಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರಲ್ಲಿ ಪ್ರಾಣಹಾನಿಯೂ ಸೇರಿದೆ.

ಗಾಲಿಗೆ ಗಾಳಿ ತುಂಬುವ ಯುಕ್ತಿಯನ್ನು ಮೊದಲು ಕಂಡವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. 1845ರಲ್ಲಿ ಪೇಟೆಂಟು ಪಡೆದಾಗ ಅವನಿಗೆ ಇಪ್ಪತ್ಮೂರು ವರ್ಷ. ರಬ್ಬರು ಬಳಿದ ಬಟ್ಟೆಯ ಚೀಲ, ಅದರ ಮೇಲೆ ತೊಗಲಿನ ಹೊದಿಕೆ: ಇಂಥ ಗಾಲಿಗಳನ್ನು ಲಂಡನ್ನಿನಲ್ಲಿ ಕುದುರೆಗಾಡಿಗೆ ಕಟ್ಟಿ ಓಡಿಸಿ ತೋರಿಸಿದನು. ಆಗ ಮೋಟಾರೂ ಇರಲಿಲ್ಲ, ಬೈಸಿಕಲ್ಲೂ ಇರಲಿಲ್ಲ. ಲೋಕವು ಅವನನ್ನು ಮರೆಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ಪನು ತನ್ನ ಮಗನ ಮೂರುಗಾಲಿಯ ಬಂಡಿಗಾಗಿ ಅದನ್ನೇ ಮತ್ತೆ ಕಂಡುಹಿಡಿದನು. ಥಾಮ್ಸನ್ನನ ಹಳೆಯ ಪೇಟೆಂಟು ಹೊರಬಿದ್ದು ಡನ್‌ಲಪ್ಪನ ಹಕ್ಕು ರದ್ದಾಯಿತು. ಹೆಸರು ಮಾತ್ರ ಅವನದೇ ಉಳಿಯಿತು.

ಮೋಟಾರಿಗೆ ಇದು ಬಂದುದು 1895ರಲ್ಲಿ. ಪ್ಯಾರಿಸಿನಿಂದ ಬೋರ್ಡೋಗೆ ಹೋಗಿ ಹಿಂದಿರುಗುವ ಪಂದ್ಯದಲ್ಲಿ ಮಿಷೆಲಿನ್ ಸಹೋದರರು ಗಾಳಿ ಟೈರಿನ ಕಾರನ್ನು ಓಡಿಸಿ, ದಾರಿಯಲ್ಲಿ 22 ಸಲ ಟ್ಯೂಬು ಬದಲಾಯಿಸಿದರು. ನೋಡಿದವರು ನಕ್ಕರು. ಆದರೂ ಕೆಲವೇ ವರ್ಷಗಳಲ್ಲಿ ಗಾಳಿಯ ಟೈರಿಲ್ಲದ ಕಾರು ಅಪರೂಪವಾಯಿತು.

ಇಲ್ಲಿ ಒಂದು ಮುಖ್ಯ ವಿಷಯವನ್ನು ಹೇಳಬೇಕು. ಕಾರಿನ ಭಾರವನ್ನು ಹೊರುವುದು ರಬ್ಬರೆಂದು ನಾವು ಭಾವಿಸುತ್ತೇವೆ. ಬಹುಮಟ್ಟಿಗೆ ಹೊರುವುದು ಗಾಳಿ; ರಬ್ಬರೂ ದಾರಗಳೂ ಗಾಳಿಯನ್ನು ಹಿಡಿದಿಡುವ ಪಾತ್ರೆ ಮಾತ್ರ. 1,200 ಕಿಲೋಗ್ರಾಂ ತೂಕದ ಕಾರಿನಲ್ಲಿ ಒಂದೊಂದು ಗಾಲಿಗೆ 300 ಕಿಲೋಗ್ರಾಂ ಬೀಳುತ್ತದೆ ಎನ್ನೋಣ. ಚದರಂಗುಲಕ್ಕೆ 30 ಪೌಂಡೆಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ. ಭಾಗಿಸಿದರೆ ಸುಮಾರು 143 ಚದರ ಸೆಂಟಿಮೀಟರು, ಅಂದರೆ ಒಂದು ಅಂಗೈಯಗಲದ ರಬ್ಬರು ನೆಲವನ್ನು ಮುಟ್ಟಿರುತ್ತದೆ. ಗಾಳಿ ಕಡಮೆಯಾದರೆ ಟೈರು ಅಗಲವಾಗಿ ಕುಸಿದು, ಸುತ್ತುಸುತ್ತಿಗೂ ಮಡಿಸಿ ಬಿಡಿಸಿಕೊಂಡು, ಒಳಗೊಳಗೇ ಕಾಯುತ್ತದೆ. ಆ ಕಾವೇ ಟೈರಿನ ಮೃತ್ಯು.

ಮೊದಲ ಟೈರುಗಳ ಒಳಬಟ್ಟೆ ಸಾಧಾರಣ ನೇಯ್ಗೆಯದು. ಮಡಿಸಿದರೆ ಎಳೆ ಎಳೆಯನ್ನು ಉಜ್ಜಿ ಹರಿಯುತ್ತಿತ್ತು. ಆದುದರಿಂದ ಮಡಿಸದಂತೆ 60 ಪೌಂಡಿನವರೆಗೂ ಗಾಳಿ ಬಿಗಿಯಬೇಕಾಗುತ್ತಿತ್ತು. ಅಡ್ಡ ನೇಯ್ಗೆಯಿಲ್ಲದೆ ದಾರಗಳನ್ನು ಪದರ ಪದರವಾಗಿ ಹಾಸುವ ಕ್ರಮ ಬಂದ ಮೇಲೆ ಟೈರು ಹರಿಯದೆ ಬಳುಕಲು ಕಲಿಯಿತು. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್, ಫ್ರಾನ್ಸಿನ ಮಿಷೆಲಿನ್ ಇಬ್ಬರೂ ದಪ್ಪನೆಯ 'ಬಲೂನು' ಟೈರನ್ನು ತಂದರು. ಒತ್ತಡ ಸುಮಾರು ಅರ್ಧಕ್ಕಿಳಿಯಿತು. ನಮ್ಮ ಡ್ರೈವರಿನ 30 ಈ ಕಾಲದ ಸಂತಾನ. ಅದು ಸುಳ್ಳಲ್ಲ, ಆದರೆ ಎಲ್ಲ ಕಾರಿಗೂ ಎಲ್ಲ ಹೊರೆಗೂ ಒಪ್ಪುವ ಮಂತ್ರವೂ ಅಲ್ಲ.

1942ರಲ್ಲಿ ಮಲಯವೂ ಡಚ್ಚರ ದ್ವೀಪಗಳೂ ಜಪಾನಿನ ಕೈಸೇರಿದಾಗ ರಬ್ಬರು ಬಂಗಾರವಾಯಿತು. ಇದ್ದಿಲಿನ ಗ್ಯಾಸಿನಿಂದ ಬಸ್ಸನ್ನು ಓಡಿಸಿದ ಆ ವರ್ಷಗಳಲ್ಲಿ ಪೆಟ್ರೋಲಿಗಾದರೂ ಬದಲಿ ಸಿಕ್ಕಿತು. ಟೈರಿಗೆ ಸುಲಭವಾಗಿ ಸಿಗಲಿಲ್ಲ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಮಿಷೆಲಿನ್ನರು ರೇಡಿಯಲ್ ಟೈರಿಗೆ ಪೇಟೆಂಟು ಪಡೆದರು. ಭಾರತದಲ್ಲಿ ಅದು ತಯಾರಾದದ್ದು 1977ರಲ್ಲಿ. ಅದರ ಪಕ್ಕಗಳು ಮೆತ್ತಗಿರುವುದರಿಂದ, ಸರಿಯಾಗಿ ಗಾಳಿಯಿದ್ದಾಗಲೂ ಸ್ವಲ್ಪ ಉಬ್ಬಿಯೇ ಕಾಣುತ್ತದೆ. ಕಾಲಿನಿಂದ ಒದ್ದು, ಕಣ್ಣಿನಿಂದ ನೋಡಿ ಅಳೆಯುವ ಹಳಬರ ವಿದ್ಯೆ ಅಲ್ಲಿಗೆ ಕೆಟ್ಟಿತು. 20 ಪೌಂಡಿಗೂ 30 ಪೌಂಡಿಗೂ ಇರುವ ಭೇದ ಮಾಪಕಕ್ಕೆ ತಿಳಿಯುತ್ತದೆ, ನಮಗಲ್ಲ.

ಈ ಭೇದದ ಬೆಲೆ 2000ದಲ್ಲಿ ಅಮೆರಿಕದಲ್ಲಿ ಬಯಲಾಯಿತು. ಫೋರ್ಡ್ ಕಂಪೆನಿಯು ತನ್ನ ಎಕ್ಸ್‌ಪ್ಲೋರರ್ ಗಾಡಿಗೆ 26 ಪೌಂಡು ಸಾಕೆಂದು ಹೇಳಿತ್ತು; ಟೈರು ಮಾಡಿದ ಫೈರ್‌ಸ್ಟೋನಿನವರು 30 ಬೇಕೆಂದರು. ಟೈರಿನ ಪದರ ಕಳಚಿ ಗಾಡಿಗಳು ಉರುಳಿದ ಅಪಘಾತಗಳಲ್ಲಿ 270ಕ್ಕೂ ಹೆಚ್ಚು ಮಂದಿ ಸತ್ತರೆಂದು ಲೆಕ್ಕ. 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಲಾಯಿತು. ತಪ್ಪು ಟೈರಿನದೋ ಗಾಡಿಯದೋ ಎಂದು ಎರಡು ಕಂಪೆನಿಗಳೂ ಹೋರಾಡಿ, ನೂರು ವರ್ಷಕ್ಕೆ ಸಮೀಪಿಸಿದ್ದ ಸಂಬಂಧವನ್ನು ಕಡಿದುಕೊಂಡವು. ಸರಕಾರದ ತನಿಖೆ ಟೈರಿನ ರಚನೆಯಲ್ಲಿಯೇ ದೋಷವನ್ನು ಕಂಡಿತು. ಆದರೆ ಕಡಮೆ ಗಾಳಿ ಆ ದೋಷಕ್ಕೆ ಕಾವನ್ನು ಕೂಡಿಸಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಗಾಳಿ ನಾಲ್ಕನೆಯ ಒಂದು ಪಾಲು ಇಳಿದರೆ ದೀಪ ಬೆಳಗಿ ಎಚ್ಚರಿಸುವ ಉಪಕರಣವು ಅಲ್ಲಿನ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದುದು ಇದರ ಫಲ.

ಸಿದ್ದಾಪುರದ ಅಂಗಡಿಗೆ ಹಿಂದಿರುಗೋಣ. ಟೈರಿನ ಪಕ್ಕದಲ್ಲಿದ್ದ 51 ಶಿಫಾರಸಲ್ಲ, ಆ ಪಾತ್ರೆಯ ಮೇರೆ. ಇದಕ್ಕಿಂತ ಮೀರಬೇಡಿ ಎಂದರ್ಥ. ಹುಡುಗನ 35 ಎಲ್ಲ ಗಿರಾಕಿಗಳಿಗೂ ಒಂದೇ ಸಲಕ್ಕೆ ಸಾಗುವ ಅನುಕೂಲದ ಅಂಕಿ. ಬೇಕಾದ ಅಂಕಿ ಟೈರಿನಲ್ಲಿರಲೇ ಇಲ್ಲ. ಡ್ರೈವರಿನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಕಾರು ಮಾಡಿದವರು ಅಂಟಿಸಿದ ಚೀಟಿಯಿತ್ತು: ಸಾಮಾನ್ಯವಾಗಿ 30, ತುಂಬಿದ ಹೊರೆಗೆ ಹಿಂದಿನ ಗಾಲಿಗಳಿಗೆ 36. ಕಾರಿನ ತೂಕವನ್ನು ಬಲ್ಲವರು ಅವರು. ಟೈರು ಮಾಡಿದವರಿಗೆ ಅದು ಯಾವ ಕಾರಿಗೆ ಹೋಗುವುದೆಂದೇ ಗೊತ್ತಿಲ್ಲ. ಹೊಸ ಟೈರು ಹಳೆಯ ಅಳತೆಯದೇ ಆಗಿ, ಭಾರಸೂಚಕ ಅಂಕಿ ಮೊದಲಿನದಕ್ಕಿಂತ ಕಡಮೆಯಾಗದಿದ್ದರೆ ಆ ಚೀಟಿಯೇ ಪ್ರಮಾಣ. 'ಎಕ್ಸ್‌ಎಲ್' ಎಂಬ ಹೆಚ್ಚು ಭಾರದ ಟೈರನ್ನು ಕೊಂಡವರು, ಗಾಳಿಯನ್ನು ಹೆಚ್ಚಿಸದೆಯೇ ಹೆಚ್ಚು ಹೊರಬಹುದೆಂದು ತಿಳಿಯಬಾರದು. ಅದರ ಮಿಗಿಲು ಶಕ್ತಿ ಮಿಗಿಲು ಗಾಳಿಯಿಂದಲೇ ಬರತಕ್ಕದ್ದು. ಅಳತೆಯನ್ನೇ ಬದಲಿಸಿದವರು ಟೈರಿನವರ ಭಾರ-ಒತ್ತಡದ ಕೋಷ್ಟಕವನ್ನು ಕೇಳಿ ನೋಡಬೇಕು.

ಮಳೆಯ ಮಾತೊಂದಿದೆ. ನೀರು ನಿಂತ ರಸ್ತೆಯಲ್ಲಿ ಟೈರು ನೆಲ ಬಿಟ್ಟು ತೇಲುವ ವೇಗವು ಒತ್ತಡದ ವರ್ಗಮೂಲಕ್ಕೆ ಅನುಗುಣವೆಂದು 1960ರ ದಶಕದಲ್ಲಿ ಅಮೆರಿಕದ ನಾಸಾದವರು ವಿಮಾನದ ಗಾಲಿಗಳಿಂದ ಕಂಡುಕೊಂಡರು. ಆ ಸೂತ್ರದ ಪ್ರಕಾರ 30 ಪೌಂಡಿಗೆ ಗಂಟೆಗೆ ಸುಮಾರು 91 ಕಿಲೋಮೀಟರು; 20 ಪೌಂಡಿಗೆ 74. ಸಿದ್ದಾಪುರದ ತಿರುವುಗಳಲ್ಲಿ ಆ ವೇಗ ಸಾಧ್ಯವಿಲ್ಲ. ಹುಣಸೂರಿನ ರಸ್ತೆಯಲ್ಲಿ ಧಾರಾಳವಾಗಿ ಸಾಧ್ಯ.

ಆ ಮಧ್ಯಾಹ್ನ ಹುಡುಗನು 35ನ್ನೇ ತುಂಬಿಸಿದ್ದನು. ಮರುದಿನ ಮುಂಜಾನೆ, ಕಾರು ಹೊರಡುವುದಕ್ಕೆ ಮುಂಚೆ, ತಣ್ಣಗಿದ್ದ ಗಾಲಿಗಳನ್ನು ಮಾಪಕದಿಂದ ನೋಡಿದೆವು: 33. ಎಲ್ಲಿಯೂ ಸೋರಿರಲಿಲ್ಲ, ಹನ್ನೆರಡು ಡಿಗ್ರಿಯ ಚಳಿ ಎರಡು ಪೌಂಡನ್ನು ಇಳಿಸಿತ್ತು. ಮುಂದಿನ ಗಾಲಿಗಳನ್ನು 30ಕ್ಕೆ ಇಳಿಸಿದೆವು. ಹಿಂಬದಿಯಲ್ಲಿ ಮೂವರು ಕುಳಿತು, ಮೈಸೂರಿಗೆ ಒಯ್ಯಬೇಕಾದ ಎರಡು ಮೂಟೆ ಮೆಣಸು ಡಿಕ್ಕಿಯಲ್ಲಿದ್ದುದರಿಂದ, ಹಿಂದಿನವಕ್ಕೆ ಡ್ರೈವರನು ಕಾಲಿನ ಪಂಪಿನಿಂದ ಮೂರು ಪೌಂಡನ್ನು ಒತ್ತಿದನು. ಅಷ್ಟಕ್ಕೇ ಅವನು ಬೆವೆತನು.