ಗುಲಾಬಿ ನೀರು, ಬೆಲ್ಲದ ನೀರು

ಕಳೆದ ಬೇಸಿಗೆಯಲ್ಲಿ ನಾವು ಗಂಗಾವತಿಯಿಂದ ಆನೆಗೊಂದಿಗೆ ಹೋಗಿದ್ದೆವು. ಕೊಪ್ಪಳ ಜಿಲ್ಲೆಯ ಬಿಸಿಲನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಹೊತ್ತು ಮುಳುಗಿದ ಮೇಲೂ ಅಲ್ಲಿನ ಬಂಡೆಗಳು ಕಾದೇ ಇರುತ್ತವೆ. ತುಂಗಭದ್ರೆಯ ದಂಡೆಗೆ ಹತ್ತಿರದ ಹೋಟೆಲೊಂದರಲ್ಲಿ ಕುಳಿತು ಪಟ್ಟಿ ನೋಡಿದರೆ ‘ವರ್ಜಿನ್ ಮೊಜಿಟೊ’ ಎಂದಿತ್ತು. ಏನದು ಎಂದು ಕೇಳಿದ್ದಕ್ಕೆ ಹುಡುಗ, “ನಿಂಬಿಹಣ್ಣು, ಪುದೀನ, ಸಕ್ರಿ, ಸೋಡಾ ರೀ ಸರ” ಎಂದ. ಕ್ಯೂಬಾದ ಮೊಜಿಟೊದಲ್ಲಿ ಇವುಗಳ ಜೊತೆ ರಮ್ ಇರುತ್ತದೆ. ರಮ್ ತೆಗೆದರೆ ಉಳಿಯುವುದು ನಾಲ್ಕು ಎಲೆ ಪುದೀನ ಹಾಕಿದ ನಮ್ಮ ಬಸ್ ನಿಲ್ದಾಣದ ಲಿಂಬು ಸೋಡಾ. ಬೆಲೆ ಮಾತ್ರ ನಾಲ್ಕು ಪಟ್ಟು!

ಹೀಗೆ ಹೆಸರು ಬದಲಾಯಿಸಿಕೊಂಡ ಪಾನೀಯಗಳು ಬಹಳ. ಅಮೆರಿಕದ ಪ್ರಸಿದ್ಧ ಕಾಕ್‌ಟೇಲ್ ‘ಮಿಂಟ್ ಜುಲೆಪ್’ ವಿಸ್ಕಿ, ಸಕ್ಕರೆ, ಪುದೀನ ಮತ್ತು ಮಂಜುಗಡ್ಡೆಯ ಪುಡಿ ಸೇರಿದ್ದು. ಆ ‘ಜುಲೆಪ್’ ಮೂಲದಲ್ಲಿ ಪಾರಸಿಯ ‘ಗುಲಾಬ್’, ಅಂದರೆ ಗುಲಾಬಿ ನೀರು. ಅರಬ್ಬಿಯಲ್ಲಿ ‘ಜುಲಾಬ್’ ಆಗಿ, ಔಷಧದ ಸಿಹಿದ್ರವವಾಗಿ ಅದು ಯುರೋಪಿಗೆ ಹೋಯಿತು. ಕೊನೆಗೆ ಗುಲಾಬಿ ಹೋಗಿ ವಿಸ್ಕಿ ಬಂತು, ಹೆಸರು ಉಳಿಯಿತು. ‘ಸಿರಪ್’ ಎಂಬುದೂ ಅರಬ್ಬಿಯ ‘ಶರಾಬ್’ನಿಂದಲೇ ಬಂದ ಪದ. ಆ ಭಾಷೆಯಲ್ಲಿ ಶರಾಬ್ ಎಂದರೆ ಕುಡಿಯುವಂಥದು ಎಂದಷ್ಟೇ ಅರ್ಥ. ಕುರ್‌ಆನಿನ ‘ಅನ್ನಹ್ಲ್’ ಅಧ್ಯಾಯದಲ್ಲಿ ಜೇನಿಗೆ ಬಳಸಿರುವುದೂ ಇದೇ ಪದ. ಪಾರಸಿ, ಉರ್ದುಗಳಲ್ಲಿ ಅದು ಮದ್ಯವಾಯಿತು. ಶರಬತ್ತು ಮತ್ತು ಶರಾಬು ಒಂದೇ ತಾಯಿಯ ಮಕ್ಕಳು, ನಮ್ಮಲ್ಲಿ ಬೇರೆ ಬೇರೆ ಬೀದಿಯಲ್ಲಿ ವಾಸವಾಗಿವೆ. ಸಕ್ಕರೆಯದು ಇಲ್ಲಿಂದ ಹೊರಟ ಪಯಣ: ಸಂಸ್ಕೃತದ ಶರ್ಕರಾ ಅರಬ್ಬಿಯಲ್ಲಿ ‘ಸುಕ್ಕರ್’, ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು.

ಈ ಗುಲಾಬಿ ಮತ್ತು ಸಕ್ಕರೆ ಎರಡೂ ಆನೆಗೊಂದಿಯ ನೆರೆಯಲ್ಲೇ ಒಬ್ಬ ಪ್ರವಾಸಿಯ ಕಣ್ಣಿಗೆ ಬಿದ್ದಿವೆ. 1443ರಲ್ಲಿ ಹೆರಾತಿನ ಸುಲ್ತಾನ ಶಾರುಖನ ರಾಯಭಾರಿ ಅಬ್ದುರ್ರಝಾಕ್ ಕಲ್ಲಿಕೋಟೆ, ಮಂಗಳೂರುಗಳ ದಾರಿಯಾಗಿ ವಿಜಯನಗರಕ್ಕೆ ಬಂದ. ಆಗ ಇಮ್ಮಡಿ ದೇವರಾಯನ ಆಳ್ವಿಕೆ. ಆನೆಗೊಂದಿ ನದಿಯ ಉತ್ತರ ದಂಡೆಯಲ್ಲಿ ರಾಜಧಾನಿಯ ಕಾವಲಿನಂತಿತ್ತು. ಊರಿನಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಾರೆ, ಈ ಜನರಿಗೆ ಅದು ಆಹಾರದಷ್ಟೇ ಅಗತ್ಯ ಎಂದು ಆತ ಅಚ್ಚರಿಪಟ್ಟಿದ್ದಾನೆ. ಅರಮನೆಯಿಂದ ತನಗೆ ದಿನಾಲೂ ಬರುತ್ತಿದ್ದುದರ ಲೆಕ್ಕವನ್ನೂ ಇಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ. ದಿನಕ್ಕೆ ಒಂದು ಮಣ ಸಕ್ಕರೆ! ಹೆರಾತಿನವರ ಬಿಡಾರದಲ್ಲಿ ಶರಬತ್ತಿಗೆ ಕೊರತೆಯಿರಲಿಕ್ಕಿಲ್ಲ ಎಂದು ನಾವು ಊಹಿಸಿದರೆ ತಪ್ಪಲ್ಲ.

ಹಾಗೆಂದು ಸಿಹಿನೀರು ಕುಡಿಯುವುದನ್ನು ನಮಗೆ ಹೊರಗಿನವರು ಕಲಿಸಿದರು ಎಂದಲ್ಲ. ಅದಕ್ಕೂ ಮುನ್ನೂರು ವರ್ಷ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹೂವು, ಕರ್ಪೂರಗಳಿಂದ ನೀರಿಗೆ ಪರಿಮಳ ಕೊಡುವ ಬಗೆಯನ್ನೂ ಪಾನಕಗಳನ್ನೂ ವಿವರಿಸಿದೆ. ಬಾಯಾರಿದವರಿಗೆ ನೀರು ಕೊಡುವ ‘ಅರವಟ್ಟಿಗೆ’ಯನ್ನು ನಮ್ಮ ಶಾಸನಗಳು ಪುಣ್ಯದ ಕೆಲಸವೆಂದು ಎಣಿಸಿವೆ. ಮುಸ್ಲಿಮರಲ್ಲಿ ಇದೇ ಕೆಲಸದ ಹೆಸರು ‘ಸಬೀಲ್’. ಆ ಪದಕ್ಕೆ ದಾರಿ ಎಂದು ಅರ್ಥ. ರಾಮನವಮಿಯ ಪಾನಕಕ್ಕೆ ಬೆಲ್ಲ, ಏಲಕ್ಕಿ, ಮೆಣಸು ಅಥವಾ ಶುಂಠಿ, ಲಿಂಬೆರಸ. ಮೊಹರಮಿನ ಶರಬತ್ತಿಗೂ ಹೆಚ್ಚುಕಡಿಮೆ ಇವೇ. ಹಿಂದೂಗಳೇ ಮುಂದೆ ನಿಂತು ಅಲಾಯಿ ಕುಣಿಯುವ ಈ ಸೀಮೆಯಲ್ಲಿ ಲೋಟದಲ್ಲಿರುವುದು ಪಾನಕವೋ ಶರಬತ್ತೋ ಎಂದು ಯಾರೂ ಕೇಳುತ್ತಿರಲಿಲ್ಲ. ಈಗೀಗ ಕೇಳುವವರು ಹುಟ್ಟಿಕೊಂಡಿದ್ದಾರೆ. ಕೈ ಯಾರದು ಎಂದೂ ಕೇಳುತ್ತಾರೆ.

ಅವರು ಬೆಳಗಿನ ಕಾಫಿಯನ್ನು ಏನು ಮಾಡುತ್ತಾರೋ ತಿಳಿಯದು. ಯಮನಿನ ಸೂಫಿಗಳು ರಾತ್ರಿಯ ಆರಾಧನೆಯಲ್ಲಿ ನಿದ್ದೆ ಬಾರದಿರಲೆಂದು ಕುಡಿಯುತ್ತಿದ್ದ ‘ಕಹ್ವಾ’ವನ್ನು 1511ರಲ್ಲಿ ಮಕ್ಕಾದ ಅಧಿಕಾರಿಯೊಬ್ಬ ನಿಷೇಧಿಸಿದ್ದೂ ಉಂಟು. ನಿಷೇಧ ಹೆಚ್ಚು ದಿನ ನಿಲ್ಲಲಿಲ್ಲ. ಅಲ್ಲಿಂದ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಅಷ್ಟು ದೂರದಿಂದ ಬಂದ ಕಾಫಿಯ ಪೊಟ್ಟಣದಲ್ಲಿ ಈಗ ಶೇಕಡಾ 49ರವರೆಗೆ ಚಿಕೋರಿ ಬೆರೆಸಲು ಕಾನೂನೇ ಒಪ್ಪಿದೆ. ಪೊಟ್ಟಣದ ಮೇಲೆ ಬರೆದಿರಬೇಕು ಅಷ್ಟೇ. ಓದುವವರು ಕಡಿಮೆ.

ಬಾಟಲಿಯ ಕೋಲಾವನ್ನೂ ನಾವು ಓದಿ ಕುಡಿಯುವುದಿಲ್ಲ. ಅದರಲ್ಲಿರುವುದು ಇಂಗಾಲಾಮ್ಲದ ಗಾಳಿ ತುಂಬಿದ ನೀರು, ನೂರು ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ, ಕ್ಯಾರಮೆಲ್ ಬಣ್ಣ, ಫಾಸ್ಫಾರಿಕ್ ಆಮ್ಲ, ಕೆಫೀನ್, ಮತ್ತು ಗುಟ್ಟಾಗಿಟ್ಟ ಪರಿಮಳ. 1886ರಲ್ಲಿ ಅಟ್ಲಾಂಟಾದ ಔಷಧ ತಯಾರಕ ಪೆಂಬರ್ಟನ್ ಕೋಕಾ ಎಲೆ, ಕೋಲಾ ಬೀಜಗಳಿಂದ ಶುರುಮಾಡಿದ್ದು ಅದು. ಅಲ್ಲಿಯೂ ಮೊದಲು ಔಷಧದ ಮಾತೇ.

ಹೊರಡುವಾಗ ಹೋಟೆಲಿನ ಹುಡುಗನನ್ನು, ಮನೆಯಲ್ಲಿ ಪಾನಕ ಮಾಡುತ್ತೀರಾ ಎಂದು ಕೇಳಿದೆವು. “ಮಾಡ್ತೀವ್ರಿ, ಅಲಾಯಿಗೂ ಮಾಡ್ತೀವಿ, ನವಮಿಗೂ ಮಾಡ್ತೀವಿ” ಎಂದ. ಹಾಗಾದರೆ ನಿಮ್ಮ ಪಟ್ಟಿಯಲ್ಲಿ ಅದೇಕಿಲ್ಲ ಎಂದರೆ ನಕ್ಕುಬಿಟ್ಟ. “ಅದನ್ನ ರೊಕ್ಕಾ ಇಸ್ಕೊಂಡು ಹ್ಯಾಂಗ ಕೊಡೂದ್ರಿ ಸರ?”