ಟೈಪ್ ವ್ಯವಸ್ಥೆಗಳ ಮೂಲಕ ತಂತ್ರಾಂಶ ಪರಿಶೀಲನೆ

ಟೈಪ್ ವ್ಯವಸ್ಥೆಗಳ ಮೂಲಕ ತಂತ್ರಾಂಶ ಪರಿಶೀಲನೆ ಎಂಬುದು ಗಣಕ ವಿಜ್ಞಾನದ ಒಂದು ವಿಧಾನವಾಗಿದೆ. ಪ್ರೋಗ್ರಾಂ ಪಾಲಿಸಬೇಕಾದ ನಿಯಮಗಳನ್ನು ಪ್ರೋಗ್ರಾಮಿಂಗ್ ಭಾಷೆಯ ಟೈಪುಗಳಲ್ಲಿಯೇ ಬರೆದು, ಅದು ಅವುಗಳಿಗೆ ಬದ್ಧವಾಗಿದೆಯೇ ಎಂಬುದನ್ನು ಓಡಿಸುವ ಮೊದಲೇ ಯಂತ್ರದಿಂದ ಪರಿಶೀಲಿಸುವುದು ಇದರ ತಿರುಳು. ಸಾಮಾನ್ಯ ಪರೀಕ್ಷೆಯು ಆಯ್ದ ಕೆಲವು ಉದಾಹರಣೆಗಳನ್ನಷ್ಟೇ ನೋಡುತ್ತದೆ. ಈ ವಿಧಾನವು ಸಾಧ್ಯವಿರುವ ಎಲ್ಲ ಉದಾಹರಣೆಗಳಿಗೂ ಅನ್ವಯಿಸುವ ಗಣಿತೀಯ ಸಾಧನೆಯನ್ನು ಕೇಳುತ್ತದೆ.

ಟೈಪ್ ಎಂದರೇನು

ಒಂದು ಮೌಲ್ಯವು ಸಂಖ್ಯೆಯೋ, ಅಕ್ಷರಗಳ ಸಾಲೋ, ದಿನಾಂಕವೋ ಎಂಬ ವರ್ಗೀಕರಣವೇ ಟೈಪ್. ಇದನ್ನು ವ್ಯಾಕರಣಕ್ಕೆ ಹೋಲಿಸಬಹುದು. "ಸೀತೆ ಬಂದನು" ಎಂಬ ವಾಕ್ಯ ತಪ್ಪೆಂದು ತಿಳಿಯಲು ಸೀತೆ ಯಾರು, ಎಲ್ಲಿಂದ ಬಂದಳು ಎಂಬುದನ್ನು ಅರಿಯಬೇಕಿಲ್ಲ. ಲಿಂಗ ಮತ್ತು ಕ್ರಿಯಾಪದ ಹೊಂದದಿರುವುದೇ ಸಾಕು. ಆದರೆ "ಸೀತೆ ನಿನ್ನೆ ಬಂದಳು" ಎಂಬುದು ವ್ಯಾಕರಣಬದ್ಧವಾಗಿದ್ದೂ ಸುಳ್ಳಾಗಿರಬಹುದು. ಸಾಧಾರಣ ಟೈಪ್ ವ್ಯವಸ್ಥೆಗಳು ಮೊದಲ ಬಗೆಯ ತಪ್ಪನ್ನು ಮಾತ್ರ ಹಿಡಿಯುತ್ತವೆ. ಹೆಚ್ಚು ಅಭಿವ್ಯಕ್ತಿಶಕ್ತಿಯುಳ್ಳ ವ್ಯವಸ್ಥೆಗಳು ಎರಡನೆಯದರತ್ತಲೂ ಕೈಚಾಚುತ್ತವೆ.

ಪಹಣಿಯ ಉದಾಹರಣೆ

ಕರ್ನಾಟಕದ ಪಹಣಿಗಳಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ ಬರೆಯುತ್ತಾರೆ. 40 ಗುಂಟೆಗೆ ಒಂದು ಎಕರೆ. ಮಸ್ಕಿ ಅಥವಾ ಸಿಂಧನೂರು ಭಾಗದ ರೈತನೊಬ್ಬನಿಗೆ 3 ಎಕರೆ 25 ಗುಂಟೆ ಮತ್ತು 1 ಎಕರೆ 30 ಗುಂಟೆಯ ಎರಡು ತುಂಡು ಹೊಲಗಳಿವೆ ಎಂದುಕೊಂಡರೆ, ಒಟ್ಟು 5 ಎಕರೆ 15 ಗುಂಟೆ ಆಗಬೇಕು. ಗುಂಟೆಯನ್ನು ಬರಿಯ ಪೂರ್ಣಾಂಕವೆಂದು ಘೋಷಿಸಿದ ಪ್ರೋಗ್ರಾಂ "4 ಎಕರೆ 55 ಗುಂಟೆ" ಎಂದು ಮುದ್ರಿಸಿದರೂ ಕಂಪೈಲರ್ ಆಕ್ಷೇಪಿಸುವುದಿಲ್ಲ. "0ಕ್ಕಿಂತ ಕಡಿಮೆಯಿಲ್ಲದ, 40ಕ್ಕಿಂತ ಕಡಿಮೆಯಿರುವ ಪೂರ್ಣಾಂಕ" ಎಂಬುದನ್ನೇ ಗುಂಟೆಯ ಟೈಪ್ ಆಗಿ ಬರೆದರೆ ಆ ಪ್ರೋಗ್ರಾಂ ತಿರಸ್ಕೃತವಾಗುತ್ತದೆ. ಹೀಗೆ ಷರತ್ತಿನಿಂದ ಬಿಗಿಗೊಳಿಸಿದ ಟೈಪನ್ನು ರಿಫೈನ್‌ಮೆಂಟ್ ಟೈಪ್ ಎನ್ನುತ್ತಾರೆ.

ಪಾಲುಪಾರಿಕತ್ತಿನ ಲೆಕ್ಕ ಇನ್ನೂ ಸೂಕ್ಷ್ಮ. 7 ಎಕರೆ 20 ಗುಂಟೆ, ಅಂದರೆ 300 ಗುಂಟೆಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಿದರೆ ತಲಾ 100 ಗುಂಟೆ ಸರಿಯಾಗಿ ಬರುತ್ತದೆ. ಪರೀಕ್ಷೆಯಲ್ಲಿ ಪ್ರೋಗ್ರಾಂ ಉತ್ತೀರ್ಣವಾಗುತ್ತದೆ. ಜಮೀನು 301 ಗುಂಟೆಯಿದ್ದು ಪ್ರೋಗ್ರಾಂ ಶೇಷವನ್ನು ಕೈಬಿಟ್ಟರೆ, ಒಂದು ಗುಂಟೆ ಯಾರ ಹೆಸರಿನಲ್ಲಿಯೂ ಇಲ್ಲದೆ ದಾಖಲೆಯಿಂದ ಮಾಯವಾಗುತ್ತದೆ. ಗುಂಟೆಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ನಾಡಿನಲ್ಲಿ ಇದು ಸಣ್ಣ ತಪ್ಪಲ್ಲ. "ಫಲಿತಾಂಶವು ಪಾಲುದಾರರಷ್ಟೇ ಉದ್ದದ ಪಟ್ಟಿಯಾಗಿರಬೇಕು, ಅದರ ಮೊತ್ತ ಮೂಲ ವಿಸ್ತೀರ್ಣಕ್ಕೆ ಸಮವಾಗಿರಬೇಕು" ಎಂಬ ಟೈಪನ್ನು ಕೊಟ್ಟರೆ, ಶೇಷವನ್ನು ಯಾರಿಗಾದರೂ ಸೇರಿಸುವವರೆಗೂ ಕಂಪೈಲರ್ ಒಪ್ಪುವುದಿಲ್ಲ. ಇಲ್ಲಿ ಫಲಿತಾಂಶದ ಟೈಪ್ ಕೊಟ್ಟ ಮೌಲ್ಯಗಳನ್ನೇ ಅವಲಂಬಿಸಿರುವುದರಿಂದ ಇದಕ್ಕೆ ಡಿಪೆಂಡೆಂಟ್ ಟೈಪ್ ಎಂದು ಹೆಸರು. ಇದು ವಿವರಣೆಗಾಗಿ ಕಲ್ಪಿಸಿದ ಉದಾಹರಣೆ. ಪಹಣಿ ನೀಡುವ "ಭೂಮಿ" ತಂತ್ರಾಂಶದ ಒಳರಚನೆಯ ವರ್ಣನೆಯಲ್ಲ.

ಇಂತಹ ತಪ್ಪುಗಳು ಬೇರೆಡೆ ದುಬಾರಿಯಾದದ್ದುಂಟು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿಯೇ ನಾಶವಾಯಿತು. 64 ಬಿಟ್‌ಗಳ ಸಂಖ್ಯೆಯೊಂದು 16 ಬಿಟ್‌ಗಳಲ್ಲಿ ಹಿಡಿಸದೆ ಹೋದದ್ದು ಕಾರಣ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಬ್ರಿಟಿಷ್ ಮತ್ತು ಮೆಟ್ರಿಕ್ ಮಾನಗಳು ಬೆರೆತದ್ದರಿಂದ. ಎರಡೂ ಟೈಪುಗಳಲ್ಲಿ ಬರೆದಿಡಬಹುದಾದ ನಿಯಮಗಳೇ.

ಇತಿಹಾಸ

ಬರ್ಟ್ರಂಡ್ ರಸೆಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣ ಸಿದ್ಧಾಂತದ ವಿರೋಧಾಭಾಸಗಳನ್ನು ನಿವಾರಿಸಲು ಟೈಪ್ ಸಿದ್ಧಾಂತವನ್ನು ರೂಪಿಸಿದರು. 1940ರಲ್ಲಿ ಅಲೊಂಜೊ ಚರ್ಚ್ ಅದನ್ನು ಲ್ಯಾಂಬ್ಡಾ ಕಲನಕ್ಕೆ ಹೊಂದಿಸಿದರು. ಹ್ಯಾಸ್ಕೆಲ್ ಕರಿ ಮತ್ತು ವಿಲಿಯಂ ಹೊವರ್ಡ್ ಗುರುತಿಸಿದ ಸಾದೃಶ್ಯವೇ ಈ ವಿಧಾನದ ಬುನಾದಿ: ಟೈಪ್ ಎಂಬುದು ಒಂದು ಪ್ರಮೇಯ, ಆ ಟೈಪಿನ ಪ್ರೋಗ್ರಾಂ ಎಂಬುದು ಅದರ ಸಾಧನೆ. 1970ರ ದಶಕದಲ್ಲಿ ಸ್ವೀಡನ್ನಿನ ಪೆರ್ ಮಾರ್ಟಿನ್-ಲೋಫ್ ಡಿಪೆಂಡೆಂಟ್ ಟೈಪುಗಳ ಸಿದ್ಧಾಂತವನ್ನು ಬೆಳೆಸಿದರು. ಈಗ ರಾಕ್ ಎಂದು ಕರೆಯಲಾಗುವ ಕಾಕ್, ಆಗ್ಡಾ, ಇದ್ರಿಸ್, ಲೀನ್ ಮೊದಲಾದವು ಈ ಪರಂಪರೆಯ ಭಾಷೆಗಳು.

ಕರ್ನಾಟಕದಲ್ಲಿ

2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಪ್ರಯೋಗಾಲಯದ ಸಂಶೋಧಕರು ಎಫ್-ಸ್ಟಾರ್ ಎಂಬ ಭಾಷೆಯ ಅಭಿವೃದ್ಧಿಯಲ್ಲಿ ಪಾಲ್ಗೊಂಡಿದ್ದಾರೆ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಗಳು ಕೂಡಿ ಬೆಳೆಸಿದ ಈ ಭಾಷೆಯಲ್ಲಿ ರಿಫೈನ್‌ಮೆಂಟ್ ಮತ್ತು ಡಿಪೆಂಡೆಂಟ್ ಟೈಪುಗಳೆರಡೂ ಇವೆ. ಟೈಪಿನಿಂದ ಹುಟ್ಟುವ ತಾರ್ಕಿಕ ಪ್ರಶ್ನೆಗಳನ್ನು ಝಡ್-3 ಎಂಬ ಸಾಧನವು ಬಗೆಹರಿಸುತ್ತದೆ. ಬೆಂಗಳೂರಿನ ಆಸೀಂ ರಸ್ತೋಗಿ ಸಹಲೇಖಕರಾಗಿರುವ ವೈಸ್-ಸ್ಟಾರ್ ಕುರಿತ ಸಂಶೋಧನಾ ಲೇಖನ 2019ರಲ್ಲಿ ಪ್ರಕಟವಾಯಿತು. ಇಬ್ಬರು ವ್ಯಾಪಾರಿಗಳು ತಮ್ಮ ತಮ್ಮ ಲಾಭವನ್ನು ಪರಸ್ಪರ ಹೇಳಿಕೊಳ್ಳದೆಯೇ ಯಾರದು ಹೆಚ್ಚೆಂದು ತಿಳಿಯುವಂತಹ ಗುಟ್ಟಿನ ಲೆಕ್ಕಾಚಾರಗಳನ್ನು ಬರೆಯುವುದಕ್ಕೂ ಪರಿಶೀಲಿಸುವುದಕ್ಕೂ ಎಫ್-ಸ್ಟಾರ್‌ನಲ್ಲಿಯೇ ರಚಿಸಿದ ಉಪಭಾಷೆ ಇದು.

ಎಫ್-ಸ್ಟಾರ್‌ನಲ್ಲಿ ಬರೆದು ಸಿ ಭಾಷೆಗೆ ಪರಿವರ್ತಿಸಿದ ಹ್ಯಾಕಲ್-ಸ್ಟಾರ್ ಎಂಬ ಗೂಢಲಿಪಿ ಸಂಗ್ರಹದ ಭಾಗಗಳು 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರನ್ನು ಸೇರಿದವು; ಅನಂತರ ಲಿನಕ್ಸ್ ಕರ್ನಲ್‌ನಲ್ಲಿಯೂ ಸ್ಥಾನ ಪಡೆದವು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಫ್ರೀ-ಆರ್‌ಟಿಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಶೆಡ್ಯೂಲರನ್ನು ಪರಿಶೀಲಿಸಿದ ಕೆಲಸ ನೆರೆಯ ಮಾರ್ಗದ್ದು; ಅಲ್ಲಿ ನಿಯಮಗಳನ್ನು ಟೈಪುಗಳಲ್ಲಲ್ಲ, ಸಿ ಪ್ರೋಗ್ರಾಮಿನೊಳಗಿನ ಟಿಪ್ಪಣಿಗಳಲ್ಲಿ ಬರೆಯಲಾಗಿದೆ.

ಮಿತಿಗಳು

ಸಾಧನೆಯು ಬರೆದ ನಿಯಮಕ್ಕಷ್ಟೇ ಹೊಣೆ. ಮೇಲಿನ ಪಾಲುಪಟ್ಟಿಯಲ್ಲಿ ಒಬ್ಬನಿಗೆ 301 ಗುಂಟೆ, ಉಳಿದಿಬ್ಬರಿಗೆ ಸೊನ್ನೆ ಕೊಟ್ಟರೂ ಉದ್ದವೂ ಮೊತ್ತವೂ ಸರಿಯೇ. ಸಮಪಾಲೆಂಬುದನ್ನು ಯಾರೂ ಬರೆದಿರಲಿಲ್ಲ. ಶ್ರಮವೂ ಅಪಾರ: ಸಾಧನೆಯ ಸಾಲುಗಳು ಪ್ರೋಗ್ರಾಮಿನ ಸಾಲುಗಳಿಗಿಂತ ಹಲವು ಪಟ್ಟಾಗುವುದು ಸಾಮಾನ್ಯ. ಪರಿಶೀಲಿಸುವ ಸಾಧನವನ್ನೂ ನಂಬಬೇಕಾಗುತ್ತದೆ.

ಕಾಕ್‌ನಲ್ಲಿ ಪರಿಶೀಲಿಸಿದ ಕಾಂಪ್‌ಸರ್ಟ್ ಎಂಬ ಸಿ ಕಂಪೈಲರಿನ ಅನುಭವ ಇಲ್ಲಿ ಗಮನಾರ್ಹ. 2011ರಲ್ಲಿ ಪ್ರಕಟವಾದ ಸಿ-ಸ್ಮಿತ್ ಅಧ್ಯಯನವು ಹಲವಾರು ಕಂಪೈಲರುಗಳಲ್ಲಿ 325ಕ್ಕೂ ಹೆಚ್ಚು ದೋಷಗಳನ್ನು ಪತ್ತೆಹಚ್ಚಿತು. ಕಾಂಪ್‌ಸರ್ಟ್‌ನಲ್ಲಿಯೂ ಕೆಲವು ಸಿಕ್ಕವು. ಆದರೆ ಪರಿಶೀಲಿತವಾದ ಮಧ್ಯಭಾಗದಲ್ಲಿ ತಪ್ಪು ಸಂಕೇತ ಹುಟ್ಟಿಸುವ ಒಂದೂ ದೋಷ ಕಾಣಲಿಲ್ಲ. ಸಿಕ್ಕವು ಪರಿಶೀಲನೆಗೆ ಒಳಪಡದ ಭಾಗಗಳಲ್ಲಿದ್ದವು.