ಓಟದ ಲೆಕ್ಕ

ಕಳ್ಳಕವಟಗಿಯ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಓಡುವುದಕ್ಕೆ ಎರಡೇ ಕಾರಣಗಳಿದ್ದವು. ಮಾಳಿಗೆಯ ಮೇಲೆ ಜೋಳ ಒಣಹಾಕಿದಾಗ ಮಳೆ ಹನಿಯಬೇಕು, ಇಲ್ಲವೆ ಕರು ಹಗ್ಗ ಹರಿದುಕೊಳ್ಳಬೇಕು. ಮೂರನೆಯ ಕಾರಣಕ್ಕೆ ಓಡಿದರೆ ಕಟ್ಟೆಯ ಮೇಲೆ ಕುಳಿತ ಆಯಿ ಅಲ್ಲಿಂದಲೇ ಕೂಗುತ್ತಿದ್ದಳು: "ಏ ಹುಡುಗಿ, ಹೆಣ್ಣಮಕ್ಕಳು ಹೀಂಗ ಓಡಬಾರದವ್ವಾ. ನೆಲಾ ನೋಡಿ ನಡಿ."

ನೆಲ ನೋಡಿಯೇ ನಡೆದು ಬೆಳೆದ ನಾನು 1970ರ ದಶಕದ ಕೊನೆಯಲ್ಲಿ ಆಗಿನ ಬಿಜಾಪುರದ, ಈಗಿನ ವಿಜಯಪುರದ, ಕಾಲೇಜೊಂದನ್ನು ಸೇರಿದೆ. ಅಲ್ಲಿ ಹುಡುಗಿಯರ ಖೋಖೋ ತಂಡಕ್ಕೆ ಒಬ್ಬಳು ಕಡಿಮೆ ಬಿದ್ದಿದ್ದಳು. ಹಾಸ್ಟೆಲಿನ ಗೆಳತಿಯೊಬ್ಬಳು ಕೈಹಿಡಿದು ಎಳೆದೊಯ್ದಳು. ಒಂಬತ್ತನೆಯವಳಾಗಿ ನನ್ನ ಹೆಸರು ಬರೆದುಕೊಂಡರು. ಮನೆಗೆ ಹೇಳಿರಲಿಲ್ಲ.

ಖೋಖೋ ಎಷ್ಟು ಹಳೆಯದೆಂದು ಕೇಳಿದರೆ ಅನೇಕರು ಮಹಾಭಾರತದತ್ತ ಬೆರಳು ತೋರಿಸುತ್ತಾರೆ. ಚಕ್ರವ್ಯೂಹ ಹೊಕ್ಕ ಅಭಿಮನ್ಯು ಸುತ್ತಿ ಸುತ್ತಿ ಕಾದಾಡಿದ್ದೇ ಇಂದಿನ ರಿಂಗ್ ಆಟ ಎಂಬ ನಂಬಿಕೆ ಆಟಗಾರರಲ್ಲಿದೆ. ಅದು ನಂಬಿಕೆ. ಬರವಣಿಗೆಯಲ್ಲಿ ಸಿಗುವ ಚರಿತ್ರೆ ಈಚಿನದು. 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದವರು ನಿಯಮ ರೂಪಿಸಲು ಕುಳಿತರು. 1924ರಲ್ಲಿ ಬಡೋದೆಯ ಜಿಮಖಾನಾ ನಿಯಮಗಳನ್ನು ಅಚ್ಚು ಮಾಡಿತು. 1956ರ ಏಕೀಕರಣದವರೆಗೆ ನಮ್ಮ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಸೊಲ್ಲಾಪುರ, ಜತ್ತ, ಸಾಂಗಲಿ ನಮಗೆ ಬೆಂಗಳೂರಿಗಿಂತ ಹತ್ತಿರ. ಹೆಣ್ಣು ಕೊಟ್ಟು ತರುವುದು, ಸಂತೆ, ನಾಟಕ ಎಲ್ಲವೂ ಗಡಿ ದಾಟುತ್ತಿದ್ದ ಈ ಸೀಮೆಯಲ್ಲಿ ಖೋಖೋ ಪರಕೀಯ ಆಟವೆಂದು ಯಾರಿಗೂ ಅನಿಸಲಿಲ್ಲ.

ಅದು ಬಡವರ ಊರಿಗೆ ಒಪ್ಪುವ ಆಟವೂ ಹೌದು. ಚೆಂಡು ಬೇಡ, ಬ್ಯಾಟು ಬೇಡ. ಹದಮಾಡಿದ ನೆಲ, ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ ಸಾಕು. ಗಂಡಸರ ರಾಷ್ಟ್ರೀಯ ಪಂದ್ಯಗಳು 1959–60ರಲ್ಲಿ ವಿಜಯವಾಡದಲ್ಲಿ ಮೊದಲಾದವು. ಮಾರನೆಯ ವರ್ಷವೇ, 1960–61ರಲ್ಲಿ, ಕೊಲ್ಹಾಪುರದಲ್ಲಿ ಹೆಂಗಸರ ಪಂದ್ಯ ನಡೆಯಿತು. ಹೆಣ್ಣುಮಕ್ಕಳನ್ನು ಒಂದೇ ವರ್ಷ ಕಾಯಿಸಿದ ಆಟಗಳು ಹೆಚ್ಚಿಲ್ಲ. 1971ರಲ್ಲಿ ಅಚಲಾ ದೇವರೆ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಖೋಖೋ ಆಡಿದ ಹೆಂಗಸಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಆ ಹೆಸರನ್ನು ನಮ್ಮ ಸರ್ ತಂಡದವರಿಗೆ ಮತ್ತೆ ಮತ್ತೆ ಹೇಳುತ್ತಿದ್ದರು.

ಆಟ ನೋಡದವರಿಗೆ ಎರಡು ಮಾತು. ಎರಡು ಕಂಬಗಳ ನಡುವಿನ ಪಟ್ಟಿಯಲ್ಲಿ ಎಂಟು ಜನ ಬೆನ್ನಟ್ಟುವವರು ಒಬ್ಬರು ಈ ಕಡೆ, ಮತ್ತೊಬ್ಬರು ಆ ಕಡೆ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವಳು ಎದ್ದು ಬೆನ್ನಟ್ಟುತ್ತಾಳೆ. ಅವಳು ನಡುಪಟ್ಟಿ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಡುವಂತಿಲ್ಲ. ಕಂಬ ಸುತ್ತಿದರೆ ಮಾತ್ರ ಆಚೆ ಬದಿಗೆ ಹೋಗಬಹುದು. ಇಲ್ಲವಾದರೆ ಕುಳಿತವಳ ಬೆನ್ನು ಮುಟ್ಟಿ "ಖೋ" ಎನ್ನಬೇಕು. ಓಡುವವರಿಗೆ ಈ ಕಟ್ಟು ಯಾವುದೂ ಇಲ್ಲ. ಕುಳಿತವರ ನಡುವೆ ನುಸುಳಬಹುದು, ತಿರುಗಬಹುದು, ನಿಲ್ಲಬಹುದು. ಓಡುವವರು ಮೂವರಂತೆ ಅಂಗಳಕ್ಕೆ ಇಳಿಯುತ್ತಾರೆ. ಮೂವರೂ ಔಟಾದ ಮೇಲೆ ಮುಂದಿನ ಮೂವರು. ಈಗಿನ ಹಿರಿಯರ ಆಟದಲ್ಲಿ ಒಂದು ಸರದಿ 9 ನಿಮಿಷದ್ದು.

ಓಡುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಸಿಂಗಲ್ ಚೈನ್ ಎಂದರೆ ಕುಳಿತ ಎಂಟೂ ಜನರ ನಡುವೆ ಒಬ್ಬಳ ಮುಂದೆ, ಮುಂದಿನವಳ ಹಿಂದೆ ಎಂದು ಹೂ ಕಟ್ಟುವ ದಾರದ ಹಾಗೆ ಹಾಯ್ದು ಹೋಗುವುದು. ಬೆನ್ನಟ್ಟುವವಳು ಹೆಜ್ಜೆಹೆಜ್ಜೆಗೆ ಖೋ ಕೊಡಬೇಕಾಗುತ್ತದೆ, ಅವರ ಲಯ ಕೆಡುತ್ತದೆ. ರಿಂಗ್ ಎಂದರೆ ಮೂರು ನಾಲ್ಕು ಜನರನ್ನಷ್ಟೇ ಸುತ್ತುತ್ತ ಹೊತ್ತು ಕಳೆಯುವುದು. ಚೈನ್ ಆಡಲು ಕಾಲು ಚುರುಕಿರಬೇಕು. ರಿಂಗ್ ಆಡಲು ತಾಳ್ಮೆ ಬೇಕು, ಬೆನ್ನಟ್ಟುವವಳ ಹೆಗಲು ಯಾವ ಕಡೆ ವಾಲಿತೆಂದು ನೋಡುವ ಕಣ್ಣು ಬೇಕು.

ನನ್ನ ಗೆಳತಿ ಚೈನಿನಲ್ಲಿ ನುರಿತವಳು. ಅವಳ ಕಾಲು ನೆಲಕ್ಕೆ ತಾಗಿದ್ದೇ ಕಾಣುತ್ತಿರಲಿಲ್ಲ. ಹೀಗಾಗಿ ನಮ್ಮ ತಂಡದ ಓಟವೆಲ್ಲ ಅವಳದೇ. ಮೊದಲ ಗುಂಪಿನಲ್ಲಿ ಅವಳು ಇಳಿಯುತ್ತಿದ್ದಳು, ಜೊತೆಯ ಇಬ್ಬರು ಬೇಗ ಔಟಾದರೂ ಚಿಂತೆಯಿರಲಿಲ್ಲ. ಸಂಜೆಯ ಅಭ್ಯಾಸದಲ್ಲಿ ಅವಳು ಓಡುತ್ತಿದ್ದಳು, ಉಳಿದವರು ಬೆನ್ನಟ್ಟುತ್ತಿದ್ದೆವು. ಮೂರನೆಯ ಗುಂಪಿನಲ್ಲಿದ್ದ ನನಗೆ ಓಡುವ ಸರದಿ ಬಂದದ್ದೇ ಅಪರೂಪ. ನಾನು ಅದರಲ್ಲೇ ಸುಖವಾಗಿದ್ದೆ.

ಎರಡನೆಯ ವರ್ಷ ವಲಯ ಮಟ್ಟದ ಪಂದ್ಯಕ್ಕೆ ಬಾಗಲಕೋಟೆಗೆ ಹೊರಟೆವು. ನಮ್ಮ ಕಾಲೇಜುಗಳೆಲ್ಲ ಆಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಗೆಳತಿ ಬರಲಿಲ್ಲ. ಹಿಂದಿನ ಸಂಜೆ ಅವಳ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋಗಿದ್ದ. ಮರುದಿನ ನಿಶ್ಚಯ. ಹುಡುಗನ ಕಡೆಯವರಿಗೆ ಅವಳು ಮೈದಾನದಲ್ಲಿ ಓಡುತ್ತಾಳೆಂದು ತಿಳಿಯಬಾರದಿತ್ತಂತೆ.

ಅವಳಿಲ್ಲದ ಮೊದಲ ಗುಂಪು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಎರಡನೆಯದೂ ಬಹಳ ಹೊತ್ತು ನಿಲ್ಲಲಿಲ್ಲ. ನಾನು ಇಳಿದೆ. ನನಗೆ ಗೊತ್ತಿದ್ದುದು ಒಂದೇ, ಹೆದರಿ ನೇರವಾಗಿ ಓಡುವುದು. ಕರುವಿನ ಹಿಂದೆ ಓಡಿದಂತೆ ಓಡಿದೆ. ಎದುರಿನ ತಂಡದ ಹುಡುಗಿ ನನ್ನನ್ನು ಕಂಬದ ಕಡೆಗೇ ಅಟ್ಟಿಕೊಂಡು ಹೋಗಿ, ಕಂಬ ಹಿಡಿದು ಮೈಚಾಚಿ ಹಾರಿ ಬೆನ್ನು ಮುಟ್ಟಿದಳು. ಅಳು ಬಂತು. ಸೋತದ್ದಕ್ಕಿಂತ, ಎರಡು ವರ್ಷ ತಂಡದಲ್ಲಿದ್ದೂ ಓಡಲು ಕಲಿತಿಲ್ಲವಲ್ಲ ಎಂದು.

ಬರುವಾಗ ಬಸ್ ನಿಲ್ದಾಣದಲ್ಲಿ ಸರ್ ಎಲ್ಲರಿಗೂ ಚುರಮರಿ ಕೊಡಿಸಿದರು. ಯಾರನ್ನೂ ಬೈಯಲಿಲ್ಲ. "ತಪ್ಪು ನಿಮ್ಮದಲ್ಲವ್ವಾ, ನಂದು. ಒಬ್ಬಾಕಿ ಕಾಲಿನ ಮ್ಯಾಲ ಇಡೀ ಮನಿ ಕಟ್ಟಿಬಿಟ್ಟೆ" ಎಂದರು.

ಮರುವಾರದಿಂದ ಅಭ್ಯಾಸದ ಕ್ರಮವೇ ಬದಲಾಯಿತು. ಒಂಬತ್ತೂ ಜನರಿಗೆ ರಿಂಗ್ ಕಲಿಸಿದರು. ಚೈನ್ ಬಂದವರಿಗೆ ಚೈನ್. ಒಂದು ಗುಂಪಿನಲ್ಲಿ ಚೈನಿನವಳೊಬ್ಬಳು, ರಿಂಗಿನವಳೊಬ್ಬಳು, ಬೆನ್ನಟ್ಟುವವಳ ಕಣ್ಣಿಗೆ ಬೀಳದಂತೆ ಮಧ್ಯದಲ್ಲಿ ನಿಂತು ಉಸಿರು ಉಳಿಸಿಕೊಳ್ಳುವವಳೊಬ್ಬಳು. ಒಬ್ಬಳು ದಣಿದಳೆಂದರೆ ಇನ್ನೊಬ್ಬಳು ಬೇಕೆಂದೇ ಎದುರು ಬಂದು ಬೆನ್ನಟ್ಟುವವಳನ್ನು ತನ್ನ ಕಡೆ ಎಳೆದುಕೊಳ್ಳಬೇಕು. ಓಡಲು ಬಲ್ಲವರನ್ನೆಲ್ಲ ಮೊದಲ ಗುಂಪಿನಲ್ಲೇ ಸುರಿಯದೆ ಎರಡನೆಯದಕ್ಕೂ ಇಬ್ಬರನ್ನು ಇಟ್ಟರು. ನಾನು ಎರಡನೆಯ ಗುಂಪಿನ ರಿಂಗಿನವಳಾದೆ.

ಕಾಲೇಜು ತಂಡ ತನ್ನ ಓಟವನ್ನು ಹೇಗೆ ಬಳಸಬೇಕೆಂದು ಯಾರಾದರೂ ಕೇಳಿದರೆ ಇಂದಿಗೂ ಇದನ್ನೇ ಹೇಳುತ್ತೇನೆ. ಕ್ಲಬ್ಬಿನ ಆಟಗಾರ್ತಿ ಹತ್ತು ವರ್ಷ ಇರಬಹುದು. ಕಾಲೇಜಿನ ಹುಡುಗಿ ಹೆಚ್ಚೆಂದರೆ ಮೂರು ವರ್ಷ. ಪರೀಕ್ಷೆ ಬರುತ್ತದೆ, ಜ್ವರ ಬರುತ್ತದೆ, ನಮ್ಮ ಕಡೆ ನಿಶ್ಚಯವೂ ಬರುತ್ತಿತ್ತು. ಅಲ್ಲಿ ಒಬ್ಬಳ ಪ್ರತಿಭೆಗಿಂತ ಮೂವರ ಹೊಂದಾಣಿಕೆಯ ಮೇಲೆ ಓಟ ನಿಲ್ಲಬೇಕು. ಬರಗಾಲದ ಸೀಮೆಯವರಾದ ನಾವು ಒಂದೇ ಬಾವಿ ನಂಬಿ ಕೂರುವುದಿಲ್ಲ.

ಮೂರನೆಯ ವರ್ಷ ನಾವು ಕಪ್ ಗೆಲ್ಲಲಿಲ್ಲ. ಸೆಮಿಫೈನಲಿನಲ್ಲಿ ಒಂದೇ ಅಂಕಕ್ಕೆ ಸೋತೆವು. ಆದರೆ ಆ ಆಟದಲ್ಲಿ ನಮ್ಮ ಮೂರನೆಯ ಗುಂಪು ಓಡಲು ಇಳಿಯುವ ಪ್ರಸಂಗವೇ ಬರಲಿಲ್ಲ. ಪತ್ರಿಕೆಯಲ್ಲಿ ತಂಡದ ಫೋಟೋ ಬಂತು, ಊರಿಗೂ ತಲುಪಿತು. ಆಯಿ ಅದನ್ನು ದಿಟ್ಟಿಸಿ ನೋಡಿ, "ಇದರಾಗ ನಮ್ಮಾಕಿ ಯಾಂವಾಕಿ?" ಎಂದು ಕೇಳಿದಳಂತೆ. ಬೈಗುಳ ಬರಲಿಲ್ಲ.

ಹಳೆಯ ನಿಯಮದಲ್ಲಿ ಓಡುವವರಿಗೆ ಅಂಕವಿರಲಿಲ್ಲ. ಎಷ್ಟು ಹೊತ್ತು ತಪ್ಪಿಸಿಕೊಂಡರೂ ಲೆಕ್ಕದ ಪುಸ್ತಕದಲ್ಲಿ ಬೆನ್ನಟ್ಟಿದವರ ಅಂಕವಷ್ಟೇ ಏರುತ್ತಿತ್ತು. ಈಗ ಅದು ಸ್ವಲ್ಪ ಬದಲಾಗಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಅಲ್ಲಿ ಓಡುವ ಗುಂಪು ಗೊತ್ತಾದ ಹೊತ್ತು ದಾಟಿ ಉಳಿದರೆ ಅದಕ್ಕೂ ಅಂಕ. ಅದನ್ನು ಡ್ರೀಮ್ ರನ್ ಎನ್ನುತ್ತಾರೆ. ಜನವರಿ 19ರ ಫೈನಲಿನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಕೊನೆಯ ಸರದಿಯಲ್ಲಿ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಬಿ. ಇದ್ದ ಗುಂಪು 5 ನಿಮಿಷ 14 ಸೆಕೆಂಡು ಅಂಗಳದಲ್ಲಿ ಉಳಿಯಿತು.

ಆ ರಾತ್ರಿ ಗೆಳತಿಯ ಫೋನು ಬಂತು. ಮೊಮ್ಮಕ್ಕಳ ಜೊತೆ ಟೀವಿ ಮುಂದೆ ಕೂತಿದ್ದಳಂತೆ.

"ಏ, ನೋಡ್ದಿ ಏನ? ಐದ ನಿಮಿಷದ ಮ್ಯಾಲ ಓಡ್ಯಾರ!" ಎಂದಳು. ಸ್ವಲ್ಪ ತಡೆದು, "ಆವತ್ತ ನಾ ಬಾಗಲಕೋಟೆಗೆ ಬಂದಿದ್ರ ನೀವು ಸೋಲ್ತಿರಲಿಲ್ಲ, ಅಲ್ಲಾ?" ಎಂದು ಕೇಳಿದಳು.

"ಗೆಲ್ತಿದ್ವೇನೋ ಖರೆ. ಆದ್ರ ನಾ ಓಡೂದು ಕಲೀತಿರಲಿಲ್ಲ ನೋಡು" ಎಂದೆ.

ಅವಳು ನಕ್ಕಳು. ಆಮೇಲೆ ಹೇಳಿದಳು: "ಮೊಮ್ಮಗಳು ಸಾಲ್ಯಾಗ ಖೋಖೋಕ್ಕ ಹೆಸರು ಕೊಟ್ಟಾಳ. ಚೈನ್ ನಾ ಕಲಸ್ತೀನಿ. ರಿಂಗ್ ನಿನ್ನ ಕಡೆಯಿಂದ ಕಲೀಲಿ, ಸೂಟಿಗೆ ಕಳಸ್ತೀನಿ."